ಶಿಬಿರಕ್ಕೆ ಮುಂಚೆ, ಶಿಬಿರದ ಆಮೇಲೆ



ಇವತ್ತಿನ ನನ್ನ ಮಾತು ಉಚಿತ ಕಣ್ಣಿನ ಶಿಬಿರದ ಬಗ್ಗೆ. ಶಿಬಿರ ನಿಮಗೆ ಹೊಸದಲ್ಲ. ಸರ್ಕಾರಿ ಶಾಲೆಯ ಅಂಗಳ. ಅಲ್ಲೊಂದು ಶಾಮಿಯಾನ. ಸಾಲು ಹಾಕಿದ ಪ್ಲಾಸ್ಟಿಕ್ ಕುರ್ಚಿಗಳು. ಮೈಕಿನಲ್ಲಿ ಹೆಸರು ಕೂಗಿ ಕೂಗಿ ಗಂಟಲು ಕಟ್ಟಿಕೊಂಡ ಒಬ್ಬ ಹುಡುಗ. ನಿಮ್ಮ ಊರಿನಲ್ಲೂ ಇದು ನಡೆದಿರುತ್ತದೆ. ಮಾರನೇ ದಿನ ಪತ್ರಿಕೆಯಲ್ಲಿ ನಾಲ್ಕು ಸಾಲು ಸುದ್ದಿಯೂ ಬಂದಿರುತ್ತದೆ.

ಆ ಒಂದು ದಿನದ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಅದಕ್ಕೆ ಮುಂಚಿನ ಒಂದು ತಿಂಗಳ ಬಗ್ಗೆ ಹೇಳುತ್ತೇನೆ. ಅದರ ಆಮೇಲಿನ ಒಂದೂವರೆ ತಿಂಗಳ ಬಗ್ಗೆ ಹೇಳುತ್ತೇನೆ. ಯಾಕೆಂದರೆ ನಾವು ಸಮಾಜಸೇವೆ ಎಂದು ಕರೆಯುವ ಕೆಲಸದ ಬಹುಪಾಲು ಅಲ್ಲೇ ಇರುತ್ತದೆ. ಶಸ್ತ್ರಚಿಕಿತ್ಸೆಗೆ ಹಿಡಿಯುವುದು ಕಾಲು ಗಂಟೆ. ಅದನ್ನು ವೈದ್ಯರು ಮಾಡುತ್ತಾರೆ. ಆ ಕಾಲು ಗಂಟೆಗೆ ಒಬ್ಬ ಅಜ್ಜಿಯನ್ನು ತಂದು ಕೂರಿಸುವುದು ನಮ್ಮ ಕೆಲಸ. ಅದಕ್ಕೆ ಹಿಡಿಯುವ ಹೊತ್ತನ್ನು ಯಾರೂ ಲೆಕ್ಕ ಹಾಕಿಲ್ಲ.

ನಾನು ಹೈಸ್ಕೂಲು ಮೇಷ್ಟ್ರಾಗಿದ್ದವನು. ಚಳ್ಳಕೆರೆ ಸೀಮೆಯ ಹಳ್ಳಿಗಳಲ್ಲಿ ಪಾಠ ಮಾಡಿದೆ. ನಿವೃತ್ತಿಯಾದ ಮೇಲೆ ಕೆಲವು ಗೆಳೆಯರ ಜೊತೆ ಸೇರಿ ಈ ಶಿಬಿರಗಳ ಓಡಾಟಕ್ಕೆ ಬಿದ್ದೆ. ಆ ಅನುಭವದ ಬಲದ ಮೇಲೆ ಮಾತಾಡುತ್ತಿದ್ದೇನೆ.

ಮೊದಲು ರೋಗದ ವಿಷಯ ಸ್ವಲ್ಪ ತಿಳಿದುಕೊಳ್ಳೋಣ. ನಮ್ಮ ಕಣ್ಣಿನೊಳಗೆ ಒಂದು ಪಾರದರ್ಶಕ ಮಸೂರ ಇದೆ. ಬೆಳಕು ಅದರ ಮೂಲಕ ಹಾದು ಹಿಂದಿನ ಪರದೆಯ ಮೇಲೆ ಬೀಳುತ್ತದೆ. ವಯಸ್ಸಾದಂತೆ ಈ ಮಸೂರ ಮಂಕಾಗುತ್ತದೆ. ಚಳಿಗಾಲದ ಬೆಳಗ್ಗೆ ಬಸ್ಸಿನ ಗಾಜಿಗೆ ಮಂಜು ಹಿಡಿದಿರುತ್ತದಲ್ಲ, ಹಾಗೆ. ವ್ಯತ್ಯಾಸ ಇಷ್ಟೇ: ಆ ಮಂಜನ್ನು ಅಂಗೈಯಿಂದ ಒರೆಸಬಹುದು, ಇದನ್ನು ಒರೆಸಲು ಆಗುವುದಿಲ್ಲ. ಮಸೂರವನ್ನೇ ತೆಗೆಯಬೇಕು. ಮಸೂರದ ಈ ಮಂಕಿಗೇ ಕಣ್ಣಿನ ಪೊರೆ ಎನ್ನುವುದು. ಭಾರತದಲ್ಲಿ 2015ರಿಂದ 2019ರವರೆಗೆ ಒಂದು ರಾಷ್ಟ್ರೀಯ ಸಮೀಕ್ಷೆ ನಡೆಯಿತು. 50 ವರ್ಷ ದಾಟಿದವರಲ್ಲಿ ಕುರುಡುತನಕ್ಕೆ ಕಾರಣವೇನೆಂದು ನೋಡಿದರು. ಮೂರರಲ್ಲಿ ಎರಡು ಪಾಲು ಕಾರಣ ಈ ಪೊರೆಯೇ ಆಗಿತ್ತು. ಎಂದರೆ, ಕಾಣದೆ ಕೂತಿರುವ ಮೂವರು ಹಿರಿಯರಲ್ಲಿ ಇಬ್ಬರಿಗೆ ದೃಷ್ಟಿ ವಾಪಸು ಬರುವ ಸಾಧ್ಯತೆ ಇದೆ. ಅವರು ಕೂತೇ ಇದ್ದಾರೆ, ಅಷ್ಟೆ.

ಇನ್ನು ಸ್ವಲ್ಪ ಹಿಂದಿನ ಕಾಲಕ್ಕೆ ಹೋಗೋಣ. ಕನ್ನಡ ನಾಡಿನಲ್ಲಿ ಕಣ್ಣಿನ ಶಿಬಿರ ಎಂದರೆ ಹಿರಿಯರಿಗೆ ನೆನಪಾಗುವ ಹೆಸರು ಒಂದೇ, ಡಾಕ್ಟರ್ ಎಂ. ಸಿ. ಮೋದಿ. ಪೂರ್ಣ ಹೆಸರು ಮುರುಗಪ್ಪ ಚನ್ನವೀರಪ್ಪ ಮೋದಿ. ಹುಟ್ಟಿದ್ದು 1916ರಲ್ಲಿ, ಆಗಿನ ಬಿಜಾಪುರ ಜಿಲ್ಲೆಯ ಬೀಳಗಿಯಲ್ಲಿ. ರೋಗಿ ಆಸ್ಪತ್ರೆಗೆ ಬರಲಿ ಎಂದು ಅವರು ಕಾಯಲಿಲ್ಲ. ಆಸ್ಪತ್ರೆಯನ್ನೇ ರೋಗಿಯ ಊರಿಗೆ ಕೊಂಡೊಯ್ದರು. ಸಾವಿರಾರು ಹಳ್ಳಿ ತಿರುಗಿದರು. 1993ರ ಹೊತ್ತಿಗೆ ಅವರು ಮಾಡಿದ ಶಸ್ತ್ರಚಿಕಿತ್ಸೆಗಳು ಆರು ಲಕ್ಷ ದಾಟಿದ್ದವು. ಒಂದೇ ದಿನದಲ್ಲಿ ಎಂಟು ನೂರಕ್ಕೂ ಹೆಚ್ಚು ಪೊರೆ ತೆಗೆದ ದಾಖಲೆ ಅವರದು. 2005ರಲ್ಲಿ ತೀರಿಕೊಂಡರು.

ಈ ಸಂಖ್ಯೆ ಕೇಳಿ ನಾವು ಬೆರಗಾಗುತ್ತೇವೆ. ಆಗಬೇಕಾದದ್ದೇ. ಆದರೆ ನನಗೆ ಇನ್ನೊಂದು ಯೋಚನೆ ಬರುತ್ತದೆ. ಒಂದೇ ದಿನಕ್ಕೆ ಎಂಟು ನೂರು ಜನ. ಅವರನ್ನು ಅಲ್ಲಿಗೆ ತಂದವರು ಯಾರು? ಆ ಕಾಲದಲ್ಲಿ ಪೊರೆ ತೆಗೆದ ಮೇಲೆ ಕಣ್ಣಿಗೆ ಪಟ್ಟಿ ಕಟ್ಟಿ ದಿನಗಟ್ಟಲೆ ಅಲುಗಾಡದಂತೆ ಮಲಗಿಸುತ್ತಿದ್ದರು. ತಲೆ ತಿರುಗಿಸಬಾರದೆಂದು ಎರಡೂ ಪಕ್ಕ ಮರಳಿನ ಚೀಲ ಇಡುತ್ತಿದ್ದರು. ಶಾಲೆಯ ಕೊಠಡಿ, ಛತ್ರ, ಮಠ, ಎಲ್ಲೆಂದರಲ್ಲಿ ಚಾಪೆ ಹಾಸಿ ಸಾಲಾಗಿ ಮಲಗಿಸಬೇಕಿತ್ತು. ಅಷ್ಟು ಜನಕ್ಕೆ ಗಂಜಿ ಕುಡಿಸಿದವರು ಯಾರು? ಕೈ ಹಿಡಿದು ಬಯಲಿಗೆ ಕರೆದೊಯ್ದವರು ಯಾರು? ರಾತ್ರಿ ನಿದ್ದೆಗಣ್ಣಿನಲ್ಲಿ ಪಟ್ಟಿ ಕಿತ್ತುಕೊಳ್ಳದಂತೆ ಕೈ ಹಿಡಿದು ಕೂತವರು ಯಾರು? ಊರಿನವರು. ಹರೆಯದ ಹುಡುಗರು, ಮೇಷ್ಟ್ರುಗಳು, ಅಡುಗೆಯವರು, ಯಾರದೋ ಮನೆಯ ಸೊಸೆಯಂದಿರು. ಅವರ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ಮೋದಿಯವರ ಕೈ ಚಳಕಕ್ಕೆ ಈ ಕೈಗಳ ಬೆಂಬಲವಿತ್ತು.

ಇಲ್ಲಿಯವರೆಗೆ ಹೇಳಿದ್ದು ಎರಡು ಮಾತು. ಪೊರೆಯಿಂದ ಹೋದ ದೃಷ್ಟಿ ಮರಳಿ ಬರಬಲ್ಲದು. ಹಿಂದೆ ಆ ಕೆಲಸ ಊರಿನ ಅಂಗಳದಲ್ಲೇ ನಡೆಯುತ್ತಿತ್ತು. ಈಗ ಏನು ಬದಲಾಗಿದೆ ನೋಡೋಣ.

ಮೊದಲನೆಯದಾಗಿ, ಚಿಕಿತ್ಸೆ ಬದಲಾಗಿದೆ. ಹಿಂದೆ ಮಸೂರ ತೆಗೆದು ಬಿಡುತ್ತಿದ್ದರು. ಅದರ ಬದಲಿಗೆ ದಪ್ಪ ಗಾಜಿನ ಕನ್ನಡಕ ಕೊಡುತ್ತಿದ್ದರು. ಕನ್ನಡಕ ಒಡೆದರೆ ಮತ್ತೆ ಕುರುಡೇ. ಈಗ ಕಣ್ಣಿನೊಳಗೇ ಕೃತಕ ಮಸೂರ ಇಡುತ್ತಾರೆ. ಈ ಮಸೂರವನ್ನು ಮೊದಲು ಇಟ್ಟದ್ದು 1949ರಲ್ಲಿ, ಲಂಡನ್ನಿನ ವೈದ್ಯ ಹೆರಾಲ್ಡ್ ರಿಡ್ಲೆ. ಬಹುಕಾಲ ಅದು ಹಣವಂತರ ಪಾಲಿನದಾಗಿತ್ತು. ಮದುರೆಯ ಅರವಿಂದ ಕಣ್ಣಿನ ಆಸ್ಪತ್ರೆಯವರು 1992ರಲ್ಲಿ ಔರೋಲ್ಯಾಬ್ ತೆರೆದು ಮಸೂರವನ್ನು ನಮ್ಮ ದೇಶದಲ್ಲೇ ತಯಾರಿಸತೊಡಗಿದರು. ಬೆಲೆ ಇಳಿಯಿತು. ಬಡವರ ಕಣ್ಣಿಗೂ ಮಸೂರ ಬಂತು.

ಎರಡನೆಯದಾಗಿ, ಜಾಗ ಬದಲಾಗಿದೆ. ಈಗ ಶಾಲೆಯ ಕೊಠಡಿಯಲ್ಲಿ ಶಸ್ತ್ರಚಿಕಿತ್ಸೆ ಮಾಡುವುದಿಲ್ಲ, ಮಾಡಬಾರದು. ಸೋಂಕಿನ ಭಯ. ಈ ಭಯ ಕಲ್ಪನೆಯಲ್ಲ. 2014ರಲ್ಲಿ ಪಂಜಾಬಿನ ಗುರುದಾಸಪುರ ಜಿಲ್ಲೆಯ ಒಂದು ಹಳ್ಳಿಯ ಶಿಬಿರದಲ್ಲಿ ಚಿಕಿತ್ಸೆ ಪಡೆದ ಹಲವರು ಇದ್ದ ದೃಷ್ಟಿಯನ್ನೂ ಕಳೆದುಕೊಂಡರು. ಒಳ್ಳೆಯ ಮನಸ್ಸಿನಿಂದ ಉಪಕರಣ ಶುದ್ಧವಾಗುವುದಿಲ್ಲ. ದಾನಧರ್ಮದ ಕೆಲಸ ಮಾಡುವವರು ಇದನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು. ಪುಕ್ಕಟೆಯ ಕೆಲಸ ಎಂದರೆ ಅರೆಬರೆ ಕೆಲಸ ಎಂದಲ್ಲ. ಬಡವನಿಗೆ ಇರುವುದೂ ಎರಡೇ ಕಣ್ಣು.

ಹಾಗಾಗಿ ಈಗ ಊರಿನಲ್ಲಿ ನಡೆಯುವುದು ತಪಾಸಣೆ ಮಾತ್ರ. ಪೊರೆ ಇದ್ದವರನ್ನು ಬಸ್ಸಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಒಂದೆರಡು ರಾತ್ರಿ ಇಟ್ಟುಕೊಂಡು ವಾಪಸು ಕಳಿಸುತ್ತಾರೆ. ಊಟ, ಚಿಕಿತ್ಸೆ, ಮಸೂರ, ಎಲ್ಲ ಉಚಿತ. 1976ರಲ್ಲೇ ಕೇಂದ್ರ ಸರ್ಕಾರ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿದೆ. ಅದರ ಅಡಿಯಲ್ಲಿ ಸ್ವಯಂಸೇವಾ ಆಸ್ಪತ್ರೆಗಳಿಗೆ ಅನುದಾನವೂ ಉಂಟು. ವೈದ್ಯರಿದ್ದಾರೆ, ಮಸೂರ ಇದೆ, ಬಸ್ಸು ಬಂದು ನಿಂತಿದೆ. ಆದರೂ ಜನ ಹತ್ತುವುದಿಲ್ಲ. ಯಾಕೆ? ಇದೇ ನನ್ನ ಮುಂದಿನ ಮಾತು.

ಶಿಬಿರದ ಪ್ರಚಾರ ಹೇಗೆ ಮಾಡುತ್ತೇವೆ? ಕರಪತ್ರ ಹಂಚುತ್ತೇವೆ. ಕಣ್ಣು ಕಾಣದವರಿಗೆ ಕರಪತ್ರ! ಆಟೋಕ್ಕೆ ಮೈಕು ಕಟ್ಟಿ ಊರು ಸುತ್ತಿಸುತ್ತೇವೆ. ಅದು ಸುತ್ತುವ ಹೊತ್ತಿಗೆ ಮನೆಯವರು ಹೊಲಕ್ಕೆ ಹೋಗಿರುತ್ತಾರೆ. ಮನೆಯಲ್ಲಿ ಉಳಿದ ಅಜ್ಜಿಗೆ ಕಿವಿಯೂ ಮಂದ. ಹಾಗಾಗಿ ಕೊನೆಗೆ ಉಳಿಯುವ ದಾರಿ ಒಂದೇ. ಮನೆ ಮನೆಗೆ ಹೋಗಬೇಕು. ಜಗಲಿಯ ಮೇಲೆ ಕೂರಬೇಕು. ಕಣ್ಣಿನ ಮಾತು ತೆಗೆಯುವ ಮುಂಚೆ ಮಳೆಯ ಮಾತು, ಶೇಂಗಾ ರೇಟಿನ ಮಾತು, ಮಗಳ ಬಾಣಂತನದ ಮಾತು ಆಡಬೇಕು.

ಯಾರ ಮನೆಯಲ್ಲಿ ಕಣ್ಣು ಕಾಣದವರಿದ್ದಾರೆ ಎಂದು ತಿಳಿಯುವುದಾದರೂ ಹೇಗೆ? ಇಲ್ಲೊಂದು ಗುಟ್ಟಿದೆ. ವೃದ್ಧಾಪ್ಯ ವೇತನ ಹಂಚುವ ಅಂಚೆಯವರನ್ನು ಕೇಳಿ. ನೋಟನ್ನು ಬೆರಳಿನಿಂದ ಸವರಿ ನೋಡಿಕೊಳ್ಳುವವರು ಯಾರೆಂದು ಅವರಿಗೆ ಗೊತ್ತು. ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಮೊಮ್ಮಗುವಿನ ಭುಜ ಹಿಡಿದು ನಿಲ್ಲುವವರು ಯಾರೆಂದು ಅಂಗಡಿಯವನಿಗೆ ಗೊತ್ತು. ಎಲ್ಲಕ್ಕಿಂತ ಹೆಚ್ಚು ಗೊತ್ತಿರುವುದು ಆಶಾ ಕಾರ್ಯಕರ್ತೆಗೆ. ಅವಳು ಪ್ರತಿ ಮನೆಯ ಅಡುಗೆಕೋಣೆ ಕಂಡವಳು. ನಮ್ಮ ಶಿಬಿರಗಳಲ್ಲಿ ಗೆದ್ದವು ಯಾವುವು, ಸೋತವು ಯಾವುವು ಎಂದು ಹಿಂದಿರುಗಿ ನೋಡಿದರೆ, ಆಶಾ ಕಾರ್ಯಕರ್ತೆ ಜೊತೆಗಿದ್ದ ಶಿಬಿರಗಳೇ ಗೆದ್ದಿವೆ.

ಸರಿ, ಮನೆಗೆ ಹೋದೆವು. ಅಜ್ಜಿ ಏನೆನ್ನುತ್ತಾಳೆ?

“ಯಾಕ್ ಬೇಕು ಬಿಡಿ ಸಾಮಿ. ಹೋಗೋ ಕಾಲ ಬಂತು. ಇನ್ನೇನ್ ನೋಡೋದೈತೆ?”

ಇದು ಮೊದಲ ಉತ್ತರ. ಇದನ್ನು ವೈರಾಗ್ಯ ಎಂದು ತಿಳಿಯಬೇಡಿ. ಇನ್ನೊಂದು ಗಳಿಗೆ ಕೂತರೆ ಒಳಗಿನ ಉತ್ತರ ಬರುತ್ತದೆ. ಆಸ್ಪತ್ರೆಯಲ್ಲಿ ಕಣ್ಣುಗುಡ್ಡೆ ಹೊರಗೆ ತೆಗೆದು ತೊಳೆದು ಮತ್ತೆ ಇಡುತ್ತಾರಂತೆ ಎಂಬ ಹೆದರಿಕೆ. ಪುಕ್ಕಟೆ ಮಾಡುವವರು ಕಲಿಯೋ ಹುಡುಗರಂತೆ ಎಂಬ ಅನುಮಾನ. ಪೊರೆ ಇನ್ನೂ ಹಣ್ಣಾಗಿಲ್ಲ, ಹಣ್ಣಾದ ಮೇಲೆ ತೆಗೆಸಬೇಕು ಎಂಬ ಹಳೆಯ ನಂಬಿಕೆ. ಈ ಕೊನೆಯದನ್ನು ಸುಳ್ಳೆಂದು ತಳ್ಳಿಹಾಕಬೇಡಿ. ಹಿಂದೆ ವೈದ್ಯರೇ ಹಾಗೆ ಹೇಳುತ್ತಿದ್ದರು. ಆಗಿನ ಚಿಕಿತ್ಸೆಗೆ ಅದು ಸರಿ. ಈಗ ಕಾಯುವ ಅಗತ್ಯವಿಲ್ಲ, ಕಾದಷ್ಟೂ ಪೊರೆ ಗಟ್ಟಿಯಾಗುತ್ತದೆ ಎಂದು ತಾಳ್ಮೆಯಿಂದ ವಿವರಿಸಬೇಕು.

ಇನ್ನೂ ಒಳಗಿನ ಉತ್ತರ ಒಂದಿದೆ. ಅದನ್ನು ಅಜ್ಜಿ ಬಾಯಿಬಿಟ್ಟು ಹೇಳುವುದಿಲ್ಲ. ಜೊತೆಗೆ ಬರುವವರು ಯಾರು? ಮಗ ಬಂದರೆ ಅವನ ಕೂಲಿ ಹೋಗುತ್ತದೆ. ಸೊಸೆ ಬಂದರೆ ಅವಳ ಕೂಲಿಯೂ ಹೋಗುತ್ತದೆ, ಎಮ್ಮೆ ಹಾಲು ಕರೆಯುವವರೂ ಇಲ್ಲ. ಉಚಿತ ಎಂದು ನಾವು ಕೂಗುತ್ತೇವೆ. ಆ ಮನೆಗೆ ಅದು ಉಚಿತವಲ್ಲ. ಎರಡು ಮೂರು ದಿನದ ದುಡಿಮೆ ಅದರ ಬೆಲೆ. ಮುದುಕನಿಗಾದರೆ ಆ ಬೆಲೆ ತೆರಲು ಮನೆಯವರು ಹೇಗೋ ಒಪ್ಪುತ್ತಾರೆ. ಮುದುಕಿಗೆ ಒಪ್ಪುವುದು ಕಷ್ಟ. ಮುದುಕಿಯೂ ತನಗಾಗಿ ಅದನ್ನು ಕೇಳುವುದಿಲ್ಲ. ಕುರುಡಾದರೂ ಮನೆಯ ಮೂಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಾಳೆ, ಮಗು ತೂಗುತ್ತಾಳೆ. ನಡೆದುಹೋಗುತ್ತದೆ.

ಆದ್ದರಿಂದ ನಾವು ಒಂದು ಉಪಾಯ ಮಾಡಿದೆವು. ಪ್ರತಿಯೊಬ್ಬರ ಜೊತೆ ಮನೆಯವರು ಬರಬೇಕಿಲ್ಲ. ಒಂದೇ ಕೇರಿಯ ಐದಾರು ಜನ ಹಿರಿಯರಿಗೆ ಆ ಕೇರಿಯ ಒಬ್ಬ ಹೆಂಗಸು ಜೊತೆಗೆ ಬರಲಿ. ಅವಳ ಕೂಲಿ ನಾವು ಕೊಡುತ್ತೇವೆ. ಅಲ್ಲಿಂದ ಬಸ್ಸು ತುಂಬತೊಡಗಿತು. ಶಿಬಿರದ ತಿಂಗಳನ್ನೂ ನೋಡಿ ಆರಿಸಿದೆವು. ಶೇಂಗಾ ಕಿತ್ತು ಮುಗಿದ ಮೇಲೆ, ನಾಯಕನಹಟ್ಟಿ ಜಾತ್ರೆಗೆ ಮುಂಚೆ. ಜಾತ್ರೆ ಬರುವುದು ಫಾಲ್ಗುಣದಲ್ಲಿ. “ಈ ಸಲ ತಿಪ್ಪೇರುದ್ರಸ್ವಾಮಿ ತೇರು ಕಣ್ಣಾರೆ ನೋಡ್ಬೇಕಾ ಬ್ಯಾಡ್ವಾ ಅಜ್ಜಿ?” ಎಂದು ಕೇಳಿದರೆ, ವೈದ್ಯರ ಯಾವ ವಿವರಣೆಗೂ ಜಗ್ಗದ ಅಜ್ಜಿ ಕೊಂಚ ಜಗ್ಗುತ್ತಾಳೆ.

ಎಲ್ಲಕ್ಕಿಂತ ಬಲವಾದ ಪ್ರಚಾರಕರು ಹೋದ ವರ್ಷ ಪೊರೆ ತೆಗೆಸಿಕೊಂಡವರು. ಅಂಥ ಒಬ್ಬ ಮುದುಕನನ್ನು ಜಗಲಿಯ ಮೇಲೆ ಕೂರಿಸಿ ನಾವು ಸುಮ್ಮನಿದ್ದರೆ ಸಾಕು. ಅವನೇ ಹೇಳುತ್ತಾನೆ: “ಒಂದ್ ಸೂಜಿ ಚುಚ್ಚಿದಂಗಾಯ್ತು, ಅಷ್ಟೇ ಕಣವ್ವ. ಇಗಾ ನೋಡು, ನಿನ್ ಕೈಯಾಗಿನ ಬಳೆ ಎಣಿಸ್ಲಾ?”

ಶಿಬಿರಕ್ಕೆ ಮುಂಚಿನ ಕೆಲಸ ಏನೆಂದು ಹೇಳಿದ್ದಾಯಿತು. ಹುಡುಕುವುದು, ಕೂತು ಕೇಳುವುದು, ಜೊತೆಗೆ ಬರುವವರನ್ನು ಹೊಂದಿಸುವುದು. ಈಗ ದುಡ್ಡಿನ ಮಾತಿಗೆ ಬರೋಣ. ಸೇವೆಯ ಮಾತಾಡುವವರು ದುಡ್ಡಿನ ಮಾತನ್ನು ಮೆಲ್ಲಗೆ ಆಡುತ್ತಾರೆ. ನಾನು ಗಟ್ಟಿಯಾಗಿಯೇ ಆಡುತ್ತೇನೆ.

ದಾನಿಗಳು ಇದ್ದಾರೆ. ನಮ್ಮ ಕಡೆ ಎಣ್ಣೆ ಗಿರಣಿಯವರು, ಕಿರಾಣಿ ವರ್ತಕರು ಕೈಬಿಚ್ಚಿ ಕೊಡುತ್ತಾರೆ. ಆದರೆ ಯಾವುದಕ್ಕೆ ಕೊಡುತ್ತಾರೆ? ಊಟಕ್ಕೆ ಕೊಡುತ್ತಾರೆ. ಶಾಮಿಯಾನಕ್ಕೆ ಕೊಡುತ್ತಾರೆ. ಫ್ಲೆಕ್ಸಿಗೆ ಕೊಡುತ್ತಾರೆ, ಅದರಲ್ಲಿ ಹೆಸರಿರುತ್ತದೆ. ಆಟೋ ಬಾಡಿಗೆಗೆ ಕೊಡಿ, ಜೊತೆಗೆ ಬರುವ ಹೆಂಗಸಿನ ಕೂಲಿಗೆ ಕೊಡಿ, ಆರು ವಾರದ ಕಣ್ಣಿನ ಹನಿಗೆ ಕೊಡಿ ಎಂದರೆ ಮುಖ ಸಣ್ಣದಾಗುತ್ತದೆ. ಕಾಣುವ ಖರ್ಚಿಗೆ ದುಡ್ಡಿದೆ, ಕಾಣದ ಖರ್ಚಿಗೆ ಇಲ್ಲ. ಇದಕ್ಕೆ ಉಪಾಯ ಲೆಕ್ಕ ತೋರಿಸುವುದು. ಹತ್ತು ರೂಪಾಯಿ ಕೊಟ್ಟವರಿಗೂ ರಸೀದಿ ಹರಿದು ಕೊಡಿ. ಖರ್ಚಿನ ಪಟ್ಟಿಯನ್ನು ಶಾಲೆಯ ಗೋಡೆಗೆ ಅಂಟಿಸಿ. ಎರಡನೇ ವರ್ಷ ಕಾಣದ ಖರ್ಚಿಗೂ ದುಡ್ಡು ಹುಟ್ಟುತ್ತದೆ. ನಮಗೆ ಹುಟ್ಟಿದ್ದು ಹಾಗೆಯೇ.

ಇನ್ನು ಉದ್ಘಾಟನಾ ಸಮಾರಂಭ. ಇದರ ಬಗ್ಗೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಮುಂಜಾನೆಯೇ ಬಂದು ಕೂತ ಹಿರಿಯರು ಬಿಸಿಲೇರುವವರೆಗೆ ಗಣ್ಯರಿಗಾಗಿ ಕಾಯುತ್ತಾರೆ. ಆಮೇಲೆ ಪ್ರಾರ್ಥನೆ, ಸ್ವಾಗತ, ದೀಪ, ಶಾಲು, ಹಾರ, ಏಳೆಂಟು ಭಾಷಣ. ಕಣ್ಣು ನೋಡಬೇಕಾದ ವೈದ್ಯರನ್ನೂ ವೇದಿಕೆಯ ಮೇಲೆ ಕೂರಿಸಿರುತ್ತಾರೆ. ಕೆಳಗೆ ಸಕ್ಕರೆ ಕಾಯಿಲೆಯವರು ಹಸಿದು ಕೂತಿರುತ್ತಾರೆ. ನಮ್ಮ ತಂಡ ಒಂದು ಪದ್ಧತಿ ಮಾಡಿಕೊಂಡಿತು. ಬೆಳಗ್ಗೆ ನೇರವಾಗಿ ತಪಾಸಣೆ. ಭಾಷಣ ಏನಿದ್ದರೂ ಕೊನೆಯ ರೋಗಿ ಎದ್ದ ಮೇಲೆ. ಕೆಲವು ಗಣ್ಯರು ಬೇಸರ ಮಾಡಿಕೊಂಡರು. ಅವರ ಬೇಸರದಿಂದ ಯಾರ ಕಣ್ಣಿಗೂ ತೊಂದರೆ ಆಗಲಿಲ್ಲ.

ಶಿಬಿರ ಎಲ್ಲಿ ಮಾಡಬೇಕು ಎಂಬುದೂ ಸಣ್ಣ ಪ್ರಶ್ನೆಯಲ್ಲ. ದೇವಸ್ಥಾನದ ಪೌಳಿ ವಿಶಾಲವಾಗಿರುತ್ತದೆ, ನೆರಳಿರುತ್ತದೆ. ಆದರೆ ಅಲ್ಲಿಗೆ ಎಲ್ಲ ಕೇರಿಯವರೂ ಅಳುಕದೆ ಬರುತ್ತಾರೆಯೇ? ಎಲ್ಲ ಊರಿನಲ್ಲೂ ಬರುವುದಿಲ್ಲ. ಬಂದರೂ ದೂರ ಕೂರುತ್ತಾರೆ. ಸರ್ಕಾರಿ ಶಾಲೆಯಲ್ಲಿ ಆ ಅಳುಕು ಕಡಿಮೆ. ಪಾಳಿಯ ಚೀಟಿ ಬಂದ ಕ್ರಮದಲ್ಲಿ ಕೊಡಬೇಕು. ಬೆಂಚು ಒಂದೇ ಇರಬೇಕು. ಊಟದ ಪಂಕ್ತಿ ಒಂದೇ ಇರಬೇಕು. ಇಷ್ಟು ಮಾಡಿದ್ದಕ್ಕೆ ಒಂದು ಊರಿನಲ್ಲಿ ಕೆಲವರು ಊಟ ಮಾಡದೆ ಎದ್ದು ಹೋದರು. ಹೋಗಲಿ. ಅವರ ಕಣ್ಣು ಪರೀಕ್ಷೆ ಆಗಿತ್ತು.

ಇಲ್ಲಿಯವರೆಗೆ ಹುಡುಕಾಟ, ಹಣ, ಜಾಗ, ಈ ಮೂರರ ಮಾತಾಯಿತು. ಮುಂದಿನದು ಹೇಳಲು ಕಷ್ಟದ ವಿಷಯ. ಬಂದವರೆಲ್ಲರಿಗೂ ದೃಷ್ಟಿ ಬರುವುದಿಲ್ಲ.

ಕೆಲವರಿಗೆ ರಕ್ತದೊತ್ತಡ ಹೆಚ್ಚಿರುತ್ತದೆ, ಸಕ್ಕರೆ ಅಂಶ ಹೆಚ್ಚಿರುತ್ತದೆ. ಅವರನ್ನು ಔಷಧ ಕೊಟ್ಟು ವಾಪಸು ಕಳಿಸಬೇಕಾಗುತ್ತದೆ. ಬ್ಯಾಗು ಕಟ್ಟಿಕೊಂಡು, ಮನೆಯವರಿಗೆಲ್ಲ ಹೇಳಿ, ಕುಲದೇವರಿಗೆ ಹರಕೆ ಹೊತ್ತು ಬಂದವರು ಅವರು. ಬಸ್ಸಿನ ಬಾಗಿಲಿನಿಂದ ವಾಪಸು ನಡೆಯುತ್ತಾರೆ. ಮುಂದಿನ ಸಲ ಅವರು ಬರುತ್ತಾರೆಯೇ? ಯಾರಾದರೂ ಮನೆಗೆ ಹೋಗಿ ಮಾತ್ರೆ ತಗೊಂಡಿರಾ ಎಂದು ವಿಚಾರಿಸಿದರೆ ಬರುತ್ತಾರೆ. ಇಲ್ಲವಾದರೆ ಇಲ್ಲ.

ಇನ್ನು ಕೆಲವರದು ಪೊರೆಯೇ ಅಲ್ಲ. ಗ್ಲಾಕೋಮಾ ಎಂಬ ರೋಗವಿದೆ. ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಏರಿ ನರ ಹಾಳಾಗುತ್ತದೆ. ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದನ್ನು ಕಾಪಾಡಬಹುದು ಅಷ್ಟೆ. ವೈದ್ಯರು ಒಂದು ನಿಮಿಷದಲ್ಲಿ ಅದನ್ನು ಹೇಳಿ ಮುಂದಿನವರನ್ನು ಕರೆಯುತ್ತಾರೆ. ಅವರ ಮುಂದೆ ಉದ್ದನೆಯ ಸಾಲಿದೆ, ತಪ್ಪಲ್ಲ. ಆ ಮಾತನ್ನು ಕೇಳಿದ ಮನುಷ್ಯನ ಪಕ್ಕದಲ್ಲಿ ಆಗ ಒಬ್ಬರು ಇರಬೇಕು. ಅದು ಸ್ವಯಂಸೇವಕನ ಕೆಲಸ. ಏನು ಮಾತಾಡಬೇಕು ಎಂದು ಹೊಸಬರು ಕೇಳುತ್ತಾರೆ. ಮಾತಾಡಬೇಡಿ, ನೀರು ಕೊಡಿ, ಪಕ್ಕದಲ್ಲಿ ಕೂರಿ ಎನ್ನುತ್ತೇನೆ. ಆಮೇಲೆ ಮಾಡಬೇಕಾದ್ದು ಬಹಳ ಇದೆ. ಅಂಗವಿಕಲರ ಗುರುತಿನ ಚೀಟಿ ಮಾಡಿಸಬೇಕು. ಮಾಸಾಶನಕ್ಕೆ ಅರ್ಜಿ ಬರೆಯಬೇಕು. ಬಿಳಿ ಕೋಲು ಹಿಡಿದು ನಡೆಯುವುದನ್ನು ಕಲಿಸುವವರನ್ನು ಹುಡುಕಬೇಕು. ಬಾಗಿಲಿನಿಂದ ಬಚ್ಚಲವರೆಗೆ ಒಂದು ಹಗ್ಗ ಕಟ್ಟಿಕೊಡಬೇಕು. ಹಗ್ಗದ ಖರ್ಚು ಅತ್ಯಲ್ಪ. ಅದನ್ನು ಹಿಡಿದು ಆ ಮನುಷ್ಯ ಯಾರನ್ನೂ ಕೂಗದೆ ಎದ್ದು ಹೋಗಬಲ್ಲ. ಶಿಬಿರದ ವರದಿಯಲ್ಲಿ ಇಂಥವರ ಲೆಕ್ಕ ಬರುವುದಿಲ್ಲ. ಶಸ್ತ್ರಚಿಕಿತ್ಸೆ ಎಷ್ಟು ಎಂದಷ್ಟೇ ಕೇಳುತ್ತಾರೆ.

ಕಷ್ಟದ ಮಾತೇ ಆಯಿತು. ಇನ್ನು ಸಂತೋಷದ ಮಾತು ಹೇಳುತ್ತೇನೆ.

ಆಸ್ಪತ್ರೆಯ ಒಂದು ರಾತ್ರಿ ಹೇಗಿರುತ್ತದೆ ಗೊತ್ತೇ? ಲಿಫ್ಟ್ ಕಂಡರೆ ಭಯ. ಕೂರುವ ಪಾಯಿಖಾನೆ ಕಂಡರೆ ಇನ್ನೂ ಭಯ. ಎಲೆ ಅಡಿಕೆ ಹಾಕಬೇಡಿ ಎಂದ ನರ್ಸಿನ ಮೇಲೆ ಸಿಟ್ಟು. ಮುದ್ದೆ ಇಲ್ಲದ ಊಟ ಊಟವೇ ಅಲ್ಲ ಎಂಬ ಗೊಣಗಾಟ. ರಾತ್ರಿಯೆಲ್ಲ ಒಬ್ಬರನ್ನೊಬ್ಬರು ಕೂಗಿ ಮಾತಾಡಿಸಿಕೊಳ್ಳುತ್ತಾರೆ. ಬೆಳಗ್ಗೆ ಸಾಲಾಗಿ ಕೂರಿಸಿ ಪಟ್ಟಿ ಬಿಚ್ಚುತ್ತಾರೆ.

ಸಿನಿಮಾದಲ್ಲಿ ಆ ಗಳಿಗೆಗೆ ಸಂಗೀತ ಇರುತ್ತದೆ. ಇಲ್ಲಿ ಇರುವುದಿಲ್ಲ. ಕೆಲವರು ಅಳುತ್ತಾರೆ, ನಿಜ. ಹೆಚ್ಚಿನವರು ಸುಮ್ಮನೆ ತಮ್ಮ ಕೈ ನೋಡಿಕೊಳ್ಳುತ್ತಾರೆ. ಅಂಗೈ ಮಗುಚಿ ಮಗುಚಿ ನೋಡುತ್ತಾರೆ. ಒಬ್ಬಾಕೆ ಎದುರಿಗಿದ್ದ ಮಗಳನ್ನು ನೋಡಿ ಆಡಿದ ಮೊದಲ ಮಾತು, “ಏನೇ, ತಲೆ ಇಷ್ಟ್ ಬೆಳ್ಳಗಾಗೈತೆ ನಿಂದು!” ಇನ್ನೊಬ್ಬಾಕೆ ಮನೆಗೆ ಹೋದವಳೇ ಅಟ್ಟದ ಮೇಲಿನ ಜೇಡರ ಬಲೆ ಕಂಡಳು. ಪಾತ್ರೆಯ ಕರಿ ಕಂಡಳು. ಅವತ್ತೇ ಸಂಜೆ ಸೊಸೆಯ ಜೊತೆ ಜಗಳ. ಸೊಸೆ ನಮ್ಮ ಹುಡುಗರನ್ನು ಕಂಡಾಗ, “ನಿಮಗೇನ್ ಬೇರೆ ಕೆಲಸ ಇರ್ಲಿಲ್ವಾ ಅಣ್ಣಾ?” ಎಂದು ನಕ್ಕಳು. ಆ ನಗುವಿನಲ್ಲಿ ಅರ್ಧ ನಿಜವೂ ಇತ್ತು.

ನನ್ನ ಮಟ್ಟಿಗೆ ಈ ಕೆಲಸದ ದೊಡ್ಡ ಪ್ರತಿಫಲ ಮುದುಕರ ಕಣ್ಣಿನಲ್ಲಿಲ್ಲ. ಅದು ಶಾಲೆಯ ಹಾಜರಿ ಪುಸ್ತಕದಲ್ಲಿದೆ. ಮೇಷ್ಟ್ರಾಗಿದ್ದವನು ಹೀಗೆ ಹೇಳದೆ ಇನ್ನು ಹೇಗೆ ಹೇಳಲಿ? ಕಣ್ಣು ಕಾಣದ ಅಜ್ಜ ಇರುವ ಮನೆಯಲ್ಲಿ ಒಂದು ಮಗು ಶಾಲೆ ತಪ್ಪಿಸುತ್ತದೆ. ಹೆಚ್ಚಾಗಿ ಹೆಣ್ಣುಮಗು. ಅಜ್ಜನ ಕೋಲು ಅವಳೇ. ಬಯಲಿಗೆ ಕರೆದೊಯ್ಯುವವಳು, ನೀರು ಕೊಡುವವಳು, ಬೆಂಕಿಯ ಹತ್ತಿರ ಹೋಗದಂತೆ ಕಾಯುವವಳು ಅವಳೇ. ಅಜ್ಜನಿಗೆ ಕಣ್ಣು ಬಂದರೆ ಅವಳು ಮತ್ತೆ ಶಾಲೆಗೆ ಬರುತ್ತಾಳೆ. ಒಂದು ಪೊರೆ ತೆಗೆದರೆ ಇಬ್ಬರಿಗೆ ದಾರಿ ಬಿಡುತ್ತದೆ.

ಸಂತೋಷದ ಮಾತು ಆಯಿತು. ಇಲ್ಲಿಗೆ ನಿಲ್ಲಿಸಿದರೆ ಮುಖ್ಯವಾದದ್ದು ಬಿಟ್ಟಂತಾಗುತ್ತದೆ. ಶಿಬಿರದ ಆಮೇಲಿನ ಒಂದೂವರೆ ತಿಂಗಳು ಎಂದೆನಲ್ಲ, ಅದಕ್ಕೆ ಬರೋಣ.

ಬಸ್ಸು ಹಿರಿಯರನ್ನು ಊರಿಗೆ ತಂದು ಇಳಿಸುತ್ತದೆ. ಕೈಯಲ್ಲಿ ಕಪ್ಪು ಕನ್ನಡಕ, ಒಂದು ಚೀಟಿ, ಹನಿ ಔಷಧದ ಪುಟ್ಟ ಶೀಷೆ. ಸಾಮಾನ್ಯವಾಗಿ ಮೊದಲ ವಾರ ದಿನಕ್ಕೆ ಆರು ಸಲ ಹನಿ ಹಾಕಬೇಕು. ಆಮೇಲೆ ವಾರಕ್ಕೊಂದರಂತೆ ಕಡಿಮೆ ಮಾಡುತ್ತ ಬರಬೇಕು. ವೈದ್ಯರು ಬರೆದದ್ದೇ ಅಂತಿಮ. ತಲೆಗೆ ನೀರು ಹಾಕಿಕೊಳ್ಳಬಾರದು. ಒಲೆಯ ಹೊಗೆಗೆ ಮುಖ ಒಡ್ಡಬಾರದು. ಕಣ್ಣು ಉಜ್ಜಬಾರದು. ಭಾರ ಎತ್ತಬಾರದು. ಒಬ್ಬಂಟಿ ಮುದುಕಿಗೆ ಈ ಬಾರದುಗಳನ್ನೆಲ್ಲ ಹೇಳಿ ನಾವು ಬಸ್ಸು ತಿರುಗಿಸಿಕೊಂಡು ಬಂದರೆ, ಅವಳು ಒಲೆ ಹಚ್ಚದೆ ಉಣ್ಣುವುದೇನು? ನಡುಗುವ ಕೈಯಲ್ಲಿ ತನ್ನ ಕಣ್ಣಿಗೆ ತಾನೇ ಹನಿ ಹಾಕಿಕೊಳ್ಳುವುದು ಹೇಗೆ?

ಇಲ್ಲಿ ನಮಗೆ ಒದಗಿದವರು ಹೈಸ್ಕೂಲು ಹುಡುಗಿಯರು. ಬೀದಿಗೊಬ್ಬಳು. ಕೈ ಸೋಪಿನಿಂದ ತೊಳೆದು, ಕೆಳರೆಪ್ಪೆ ಮೆಲ್ಲಗೆ ಜಗ್ಗಿ, ಶೀಷೆಯ ತುದಿ ಕಣ್ಣಿಗೆ ತಾಗದಂತೆ ಒಂದೇ ಹನಿ. ಇದನ್ನು ನರ್ಸು ಒಮ್ಮೆ ತೋರಿಸಿದರೆ ಸಾಕು, ಹುಡುಗಿಯರು ಕಲಿತುಬಿಡುತ್ತಾರೆ. ಶಾಲೆಗೆ ಹೋಗುವ ಮುಂಚೆ, ಊಟದ ಬಿಡುವಿನಲ್ಲಿ, ಸಂಜೆ, ಮಲಗುವ ಮುಂಚೆ. ನಡುನಡುವೆ ನೆರೆಮನೆಯವರು. ಅಡುಗೆಯೂ ನೆರೆಮನೆಯಿಂದಲೇ ಬರುತ್ತದೆ, ನಾವು ಕೇಳಬೇಕು ಅಷ್ಟೆ. ಕೇಳುವುದಕ್ಕೆ ನಾಚಿಕೆಪಟ್ಟರೆ ಈ ಕೆಲಸ ಆಗುವುದಿಲ್ಲ.

ಕಣ್ಣು ನೋವು ಹೆಚ್ಚಾದರೆ, ಕೆಂಪಾದರೆ, ಬಂದ ದೃಷ್ಟಿ ಮತ್ತೆ ಮಸುಕಾದರೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ನಾಳೆ ಎನ್ನುವ ಹಾಗಿಲ್ಲ. ಹಾಗಾಗಿ ಶಿಬಿರ ಮಾಡಿದವರ ಫೋನು ರಾತ್ರಿಯೂ ಎತ್ತುವಂತಿರಬೇಕು. ಹೊಸದಾಗಿ ಸೇವೆಗೆ ಇಳಿಯುವ ಸಂಘಗಳನ್ನು ನಾನು ಕೇಳುವ ಮೊದಲ ಪ್ರಶ್ನೆ ಇದು: ರಾತ್ರಿ ಹನ್ನೊಂದಕ್ಕೆ ಫೋನು ಎತ್ತುವವರು ನಿಮ್ಮಲ್ಲಿ ಯಾರು? ಉತ್ತರ ಇಲ್ಲವಾದರೆ ಶಿಬಿರ ಬೇಡ. ಹತ್ತಿರದ ಆಸ್ಪತ್ರೆಗೆ ನಾಲ್ಕು ಜನರನ್ನು ಕರೆದೊಯ್ಯಿರಿ, ಅದೇ ಲೇಸು.

ಒಂದು ಮಾತು ಸ್ವಯಂಸೇವಕರ ಬಗ್ಗೆ. ಅವರನ್ನು ಜನ ಅನುಮಾನದಿಂದ ನೋಡುತ್ತಾರೆ. “ಏನ್ ಮೇಷ್ಟ್ರೇ, ಪಂಚಾಯ್ತಿ ಎಲೆಕ್ಷನ್ನಿಗೆ ನಿಲ್ತೀರಾ?” ಎಂದು ನನ್ನನ್ನೂ ಕೇಳಿದ್ದಾರೆ. ತಲೆಗೆ ಇಷ್ಟು ಎಂದು ಆಸ್ಪತ್ರೆಯಿಂದ ಕಮಿಷನ್ ಬರುತ್ತದಂತೆ ಎಂಬ ಮಾತೂ ಹಬ್ಬುತ್ತದೆ. ಮನೆಯಲ್ಲಿ ಹೆಂಡತಿ ಮಕ್ಕಳ ಬೇಸರ ಬೇರೆ. ಧನ್ಯವಾದ ಹೇಳುವವರು ಕಡಿಮೆ, ಕನ್ನಡಕ ಸರಿಯಿಲ್ಲ ಎಂದು ಬೈಯುವವರು ಹೆಚ್ಚು. ಬೈಯಲಿ. ಬೈಯುವವರು ನಮ್ಮನ್ನು ಉಪಕಾರಿಗಳೆಂದು ನೋಡುತ್ತಿಲ್ಲ, ಕೆಲಸದವರೆಂದು ನೋಡುತ್ತಿದ್ದಾರೆ. ಅದು ಆರೋಗ್ಯದ ಲಕ್ಷಣ. ಇನ್ನು ಕೆಲವರು ಸೆರಗಿನಲ್ಲಿ ಶೇಂಗಾ ಕಟ್ಟಿಕೊಂಡು ಬರುತ್ತಾರೆ. ತೆಗೆದುಕೊಳ್ಳಬೇಕು. ಬೇಡ ಎಂದು ದೊಡ್ಡತನ ತೋರಿಸಬಾರದು. ಕೊಡುವ ಸರದಿ ಅವರಿಗೂ ಬರಲಿ.

ಕೇಳುಗರೇ, ನನಗೆ ಕೊಟ್ಟ ಸಮಯ ಮುಗಿಯುತ್ತ ಬಂತು. ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ 50 ದಾಟಿದವರು ಇದ್ದಾರೆ. ಅನ್ನದಲ್ಲಿನ ಕಲ್ಲು ಕಾಣದೆ ಹಲ್ಲಿಗೆ ಸಿಕ್ಕಿಸಿಕೊಳ್ಳುವವರು, ಸಂಜೆಯಾದರೆ ಹೊಸ್ತಿಲು ಎಡವುವವರು, ದೀಪದ ಸುತ್ತ ಬಳೆ ಕಾಣುತ್ತದೆ ಎನ್ನುವವರು ಇದ್ದರೆ, ಶಿಬಿರಕ್ಕಾಗಿ ಕಾಯಬೇಡಿ. ತಾಲೂಕು ಆಸ್ಪತ್ರೆಯಲ್ಲಿ ತೋರಿಸಿ. ಅಲ್ಲಿ ಆಗದಿದ್ದರೆ ಜಿಲ್ಲಾ ಆಸ್ಪತ್ರೆಗೆ ಕಳಿಸುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಪೊರೆಯ ಚಿಕಿತ್ಸೆಗೆ ಹಣ ಕೊಡಬೇಕಿಲ್ಲ. ಊರಿಗೆ ಶಿಬಿರವೇ ಬಂದರೆ ಉದ್ಘಾಟನೆಗೆ ಬರದಿದ್ದರೂ ನಡೆಯುತ್ತದೆ. ಬಸ್ಸು ವಾಪಸು ಬರುವ ದಿನ ಬನ್ನಿ. ಒಬ್ಬ ಅಜ್ಜಿಯ ಹೆಸರು ಬರೆದುಕೊಳ್ಳಿ, ಆರು ವಾರ ಅವಳ ಕಣ್ಣಿನ ಹನಿಯ ಜವಾಬ್ದಾರಿ ನಿಮ್ಮದೆಂದು ಒಪ್ಪಿಕೊಳ್ಳಿ. ಸಾಮಾನ್ಯವಾಗಿ ಇನ್ನೊಂದು ಕಣ್ಣಿಗೂ ಪೊರೆ ಇರುತ್ತದೆ, ಅದಕ್ಕೂ ಕರೆದೊಯ್ಯುವುದನ್ನು ಮರೆಯಬೇಡಿ.